ಕಪ್ಪಾಗದ ಜರಿ

“ಬುಡವ್ವೋ ನನ್ನ! ನಾನ್ ಯಾನೂ ಮಾಡಿಲ್ಲ ಕನವ್ವ!”

ಶಿವಮ್ಮನ ಸೆರಗು ದೊಡ್ಡಬಸಮ್ಮನ ಮುಷ್ಟಿಯಲ್ಲಿತ್ತು. ನರ್ಸಿಂಗ್ ಹೋಮಿನ ವರಾಂಡದಲ್ಲಿ ಚೀಟಿ ಹಿಡಿದು ಕೂತಿದ್ದವರೆಲ್ಲ ತಮ್ಮ ತಮ್ಮ ಕಾಯಿಲೆ ಮರೆತು ಎದ್ದು ನಿಂತಿದ್ದರು. ಪುಕ್ಕಟೆ ಜಗಳ ನೋಡಲು ಕೊಳ್ಳೇಗಾಲದಲ್ಲಿ ಯಾವ ಜ್ವರವೂ ಅಡ್ಡ ಬರುವುದಿಲ್ಲ.

“ಯಾನೂ ಮಾಡಿಲ್ವಾ? ನನ್ ಮೊಮ್ಮಗನ ಬಾಯ್ಗೆ ಇಸ ಉಯ್ದವ್ಳು ನೀನಲ್ವಾ? ಯಾವ್ ಮಕ ಒತ್ಕಂಡು ಬಂದ್ಯೇ ಇಲ್ಲಿಗೆ?”

ನಾನು ಜೀಪಿನಿಂದ ಇಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಸೆರಗು ಪರ್ರನೆ ಹರಿಯಿತು.

“ದೊಡ್ಡಬಸಮ್ಮ, ಕೈ ಬಿಡಿ. ಅವರನ್ನ ಇಲ್ಲಿಗೆ ಕರೆಸಿದ್ದು ನಾನು.”

“ನೀವಾ ಮೇಡಂ? ಕೂಸ್ನ ಕೊಂದವ್ಳನ್ನೇ ಕೂಸಿನತ್ರ ಕರೀತೀರಲ್ಲ!”

“ಕೂಸು ಬದುಕಿದೆ. ಬದುಕಿರೋ ಕೂಸಿನ ಬಾಗಿಲಲ್ಲಿ ನಿಂತು ಅಂಥ ಮಾತು ಆಡಬೇಡಿ.”

ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತೆಂದು ಕಾಣುತ್ತದೆ, ವರಾಂಡದ ಜನ ಮತ್ತೆ ಕೂತರು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಸಬ್ ಇನ್ಸ್‌ಪೆಕ್ಟರ್ ಪದ್ಮಿನಿಯಾದ ನನಗೆ ಹನೂರಿನಿಂದ ವರ್ಗವಾದ ದಿನ ಅಲ್ಲಿನ ಸಿಬ್ಬಂದಿ ಮೈಸೂರುಪಾಕು ಹಂಚಿದರಂತೆ. ಪ್ರೀತಿಗೆ ಹಂಚಿದ್ದೆಂದು ನಾನು ಇವತ್ತಿಗೂ ನಂಬಿಕೊಂಡಿದ್ದೇನೆ.

ಕೇಸು ಇಷ್ಟೇ: ದೊಡ್ಡಬಸಮ್ಮನ ಸೊಸೆ ಪವಿತ್ರಳ ಗಂಡುಕೂಸು ತಿಂಗಳು ತುಂಬುವ ಮುಂಚೆಯೇ ಅರಿಶಿನ ಬಳಿದ ಹಾಗೆ ಹಳದಿಯಾಗಿ ಆಸ್ಪತ್ರೆ ಸೇರಿತ್ತು, ಬಾಣಂತನಕ್ಕೆ ಬಂದಿದ್ದ ಸತ್ತೇಗಾಲದ ಶಿವಮ್ಮ ಕುಡಿಸಿದ ಹಸಿರು ರಸವೇ ಕಾರಣವೆಂದು ಕೂಸಿನ ಸೋದರಮಾವ ದೂರು ಕೊಟ್ಟಿದ್ದ.

ಸಂಜೆಯೊಳಗೆ ಶಿವಮ್ಮನನ್ನು ಬಂಧಿಸಿ ಎಂದು ಮೇಲಿನಿಂದ ಮಾತು ಬಂದಿತ್ತು. ಬಂಧನಕ್ಕಿಂತ ಮುಂಚೆಯೇ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಕಂಡವರ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದೇ ಮುದುಕಿಯಾದ ಹೆಂಗಸು ಅದು. ಈಗ ಆಕೆ ಬೀದಿಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ನನಗೆ ಆಕೆಯ ಮುಖ ನೋಡಲು ಆಗುತ್ತಿರಲಿಲ್ಲ.

“ಬನ್ನಿ ಶಿವಮ್ಮ,” ಎಂದು ಆಕೆಯ ಕೈ ಹಿಡಿದು ಡಾಕ್ಟರ ಕೋಣೆಗೆ ನಡೆದೆ.

ಮಕ್ಕಳ ಡಾಕ್ಟರ್ ದೀಪ ಮೇಜಿನ ಮೇಲೆ ರಿಪೋರ್ಟುಗಳನ್ನು ಹರಡಿಕೊಂಡು ನಗುತ್ತಿದ್ದಳು. ಕೂಸು ಆಸ್ಪತ್ರೆ ಸೇರಿದ ಮೇಲೆ ಆ ಹುಡುಗಿ ನಕ್ಕದ್ದನ್ನು ಅದೇ ಮೊದಲು ನಾನು ಕಂಡದ್ದು.

“ಇಳೀತಾ ಇದೆ ಮೇಡಂ! ಬಿಲಿರುಬಿನ್ ಇಳೀತಾ ಇದೆ. ಮೈಯ ರಕ್ತವನ್ನೇ ಬದಲಾಯಿಸಬೇಕೇನೋ ಅಂತ ಹೆದರಿದ್ದೆ. ಈಗ ನೀಲಿ ಬೆಳಕಿನ ಚಿಕಿತ್ಸೆ ಸಾಕು ಅನ್ನಿಸ್ತಿದೆ. ಜೊತೆಗೆ ಒಂದಿಷ್ಟು ರಕ್ತ ಕೊಡಬೇಕು. ತರೋಕೆ ಕೂಸಿನ ಅಪ್ಪ ಶಾಂತರಾಜು ಚಾಮರಾಜನಗರಕ್ಕೆ ಹೋಗಿದ್ದಾರೆ.”

“ಉಳಿಯುತ್ತಾ ಡಾಕ್ಟ್ರೇ?”

“ಇನ್ನು ಏರದಿದ್ದರೆ ಉಳಿಯುತ್ತೆ. ಮತ್ತೆ ಏರಿದರೆ ಮೆದುಳಿಗೆ ಇಳಿಯುತ್ತೆ. ಇಳಿದದ್ದನ್ನ ವಾಪಸ್ ತೆಗೆಯೋ ಔಷಧಿ ನನ್ನ ಹತ್ರ ಇಲ್ಲ.”

“ರಸ ನಿಲ್ಲಿಸಿದ್ದಕ್ಕೇ ಇಳಿಯಿತು ಅಂತಾರೆ ನಮ್ಮ ಸಾಹೇಬರು.”

“ಸಾಹೇಬರು ಹೇಳಿದರೆ ಆಯ್ತಾ? ಲಿವರ್ ಹೇಳಬೇಕಲ್ಲ?” ಎಂದಳು ದೀಪ. “ಕೂತ್ಕೊಳ್ಳಿ. ನೀವು ಈ ಕಡೆಯವರು, ಕಬ್ಬಿನ ಲೆಕ್ಕದಲ್ಲೇ ಹೇಳ್ತೀನಿ. ಹಳೇ ರಕ್ತಕಣ ಒಡೆದಾಗ ಹುಟ್ಟೋ ಹಳದಿ ಕಸ ಬಿಲಿರುಬಿನ್. ಅದನ್ನ ಗದ್ದೆಯಿಂದ ಬರೋ ಕಬ್ಬು ಅಂತ ಇಟ್ಕೊಳ್ಳಿ. ಲಿವರ್ ಅಂದ್ರೆ ಮಿಲ್ಲು. ಮಿಲ್ಲಿಂದ ಆಚೆ ಹೋಗೋ ಪಿತ್ತದ ನಾಳ ಅಂದ್ರೆ ರಸ್ತೆ. ಮಿಲ್ಲಿನ ಮುಂದೆ ಲಾರಿ ಸಾಲುಗಟ್ಟಿ ನಿಂತಿದ್ದರೆ ಏನರ್ಥ?”

“ಒಂದೋ ಕಬ್ಬು ವಿಪರೀತ ಬಂದಿದೆ. ಇಲ್ಲಾ ಮಿಲ್ಲು ಕೆಟ್ಟಿದೆ. ಇಲ್ಲಾ ಆಚೆ ರಸ್ತೆ ಕಟ್ಟಿದೆ.”

“ಕಾಮಾಲೆಗೂ ಅಷ್ಟೇ. ಹುಡುಕೋ ಜಾಗ ಮೂರೇ.”

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಷ್ಟು ದಿನ ಕೇಸಿನ ತುಂಬ ಅತ್ತೆ, ಸೊಸೆ, ಸೂಲಗಿತ್ತಿ ಎಂದು ಮನುಷ್ಯರನ್ನೇ ಹುಡುಕಿದ್ದೆ. ಕೂಸಿನ ಮೈಯನ್ನು ಯಾರೂ ವಿಚಾರಣೆ ಮಾಡಿರಲಿಲ್ಲ.

“ಮೊದಲು ರಸ್ತೆ,” ಎಂದು ದೀಪ ಶಿವಮ್ಮನ ಕಡೆ ತಿರುಗಿದಳು. “ಕೂಸು ಕಕ್ಕ ಮಾಡ್ತಿದ್ದದ್ದು ಯಾವ ಬಣ್ಣ ಇತ್ತು?”

ಶಿವಮ್ಮ ಹರಿದ ಸೆರಗನ್ನು ಹೊದ್ದುಕೊಂಡು ಬಾಗಿಲಿಗೆ ಅಂಟಿ ನಿಂತಿದ್ದಳು. “ಸಾಸ್ವೆ ಅರ್ದಂಗೆ ಅಳದಿ ಕನವ್ವ. ಎಂದೂ ಬೆಳ್ಳಗಿರ್ನಿಲ್ಲ.”

“ರಸ್ತೆ ಕಟ್ಟಿದ್ದರೆ ಸುಣ್ಣದ ಹಾಗೆ ಬಿಳಚಿಕೊಂಡಿರ್ತಿತ್ತು. ಸ್ಕ್ಯಾನ್‌ನಲ್ಲೂ ನಾಳ ಸರಿಯಾಗಿದೆ. ಇನ್ನು ಮಿಲ್ಲು. ಲಿವರ್‌ಗೆ ವಿಷ ಬಿದ್ದರೆ ಅದರ ಕಣಗಳು ಹಾಳಾಗಿ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರಬೇಕು. ಇಲ್ಲಿ ಸೋರಿಲ್ಲ. ಲಿವರ್ ಅರೆದು ಕಳಿಸಿದ ಬಿಲಿರುಬಿನ್ನಿಗೆ ಡೈರೆಕ್ಟ್ ಅಂತೀವಿ, ಇನ್ನೂ ಅರೆಯದೇ ಇರೋದಕ್ಕೆ ಇಂಡೈರೆಕ್ಟ್. ಈ ಕೂಸಿನದು ಹೆಚ್ಚುಕಮ್ಮಿ ಎಲ್ಲಾ ಇಂಡೈರೆಕ್ಟ್.”

“ಅಂದ್ರೆ ಗದ್ದೆ.”

“ಗದ್ದೆ! ರಕ್ತವೇ ಒಡೀತಾ ಇತ್ತು. ಹಿಮೋಗ್ಲೋಬಿನ್ ಕುಸಿದಿದೆ. ತಾಯಿ ರಕ್ತಕ್ಕೂ ಕೂಸಿನ ರಕ್ತಕ್ಕೂ ಹೊಂದಿಕೆಯಾಗಿಲ್ಲವಾ ಅಂತ ನೋಡಿದೆ, ಅದೂ ಅಲ್ಲ. ಸೋಂಕೂ ಇಲ್ಲ. ಸ್ಲೈಡಿನಲ್ಲಿ ನೋಡಿದರೆ ಕಣಗಳು ಇಲಿ ಕಚ್ಚಿದ ರೊಟ್ಟಿ ಥರ ಕಾಣ್ತಿವೆ. ಹೊರಗಿನ ಯಾವುದೋ ವಸ್ತು ತಾಗಿದೆ ಮೇಡಂ. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಜಿ-ಸಿಕ್ಸ್-ಪಿಡಿ ಅನ್ನೋ ಕಾವಲು ಕಮ್ಮಿ. ಅಂಥವರು ಗಟ್ಟಿಮುಟ್ಟಾಗೇ ಇರ್ತಾರೆ. ಯಾವುದೋ ಒಂದು ಮಾತ್ರೆ ನುಂಗಿದರೆ, ಕೆಲವು ಸಲ ಬರೀ ಉಸಿರಲ್ಲಿ ಎಳೆದುಕೊಂಡರೂ ಸಾಕು, ರಕ್ತ ಒಡೆಯೋಕೆ ಶುರು.”

“ಶಿವಮ್ಮ, ರಸ ಯಾವಾಗ ಕೊಟ್ಟಿರಿ?” ಎಂದೆ.

“ಕೂಸಿನ ಕಣ್ಣು ಅಳದಿ ಆದ್ಮೇಲೆ ಕನವ್ವ. ಕಾಮಾಲೆ ಇಳೀಲಿ ಅಂತ ನೆಲನೆಲ್ಲಿ ರಸ ಒಂದ್ ತೊಟ್ಟು ನೆಕ್ಸಿದ್ದು. ಅದ್ಕೂ ಮುಂಚೆ ತಾಯಿ ಆಲು ಬುಟ್ರೆ ಬ್ಯಾರೆ ಯಾನೂ ಇಲ್ಲ.”

ಮೊದಲು ಹಳದಿ, ಆಮೇಲೆ ರಸ. ಇಡೀ ಊರು ಅದನ್ನು ಹಿಂದುಮುಂದು ಮಾಡಿಕೊಂಡು ಒಬ್ಬ ಹೆಂಗಸಿನ ಬಾಳು ಬೀದಿಗೆ ತಂದಿತ್ತು. ಆ ಊರಿನಲ್ಲಿ ನಮ್ಮ ಸಾಹೇಬರೂ ಸೇರಿದರೆಂದು ಹೇಳಲು ನನಗೆ ಅಡ್ಡಿಯಿಲ್ಲ.

ದೀಪ ಆಕೆಯನ್ನು ಸುಮ್ಮನೆ ಬಿಡಲಿಲ್ಲ. “ಎಳೆಗೂಸಿಗೆ ಯಾವ ರಸವನ್ನೂ ನೆಕ್ಕಿಸಬಾರದು ಶಿವಮ್ಮ. ಕಣ್ಣು ಹಳದಿಯಾದದ್ದು ಕಂಡ ತಕ್ಷಣ ಇಲ್ಲಿಗೆ ತರಿಸಬೇಕಿತ್ತು. ಅದು ನಿಮ್ಮ ತಪ್ಪೇ. ಆದರೆ ಕಾಮಾಲೆ ತಂದದ್ದು ನೀವಲ್ಲ.”

“ನಾನಲ್ವಾ?” ಶಿವಮ್ಮ ಕುಸಿದು ನೆಲದ ಮೇಲೆ ಕೂತಳು. “ಇನ್ನೊಂದ್ಸಲ ಏಳವ್ವ. ನಾನಲ್ವಾ?”

“ನೀವಲ್ಲ.”

ಆಕೆ ಅತ್ತ ರೀತಿಗೆ ನನ್ನ ಕಣ್ಣೂ ಒದ್ದೆಯಾಯಿತು. ಸಮವಸ್ತ್ರ ಹಾಕಿಕೊಂಡು ಅಳಬಾರದು ಎಂಬ ಕಾನೂನು ಎಲ್ಲೂ ಇಲ್ಲ, ನಾನು ಹುಡುಕಿ ನೋಡಿದ್ದೇನೆ.

ಹಾಗಾದರೆ ತಾಗಿದ್ದು ಏನು? ಕೂಸು ಆಸ್ಪತ್ರೆ ಸೇರಿದ ದಿನ ನಾವು ಅವರ ಮನೆಯಿಂದ ಎರಡೇ ವಸ್ತು ವಶಪಡಿಸಿಕೊಂಡಿದ್ದೆವು. ಒಂದು ರಸದ ಬಾಟಲಿ. ಇನ್ನೊಂದು, ರಸ ಚೆಲ್ಲಿದ ಕಲೆಯಿದೆಯೆಂದು ತೊಟ್ಟಿಲಿನಿಂದ ತೆಗೆದ ಹಾಸು. ಬಾಟಲಿ ಪ್ರಯೋಗಾಲಯಕ್ಕೆ ಹೋಗಿತ್ತು. ಹಾಸು ಠಾಣೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಾಗೇ ಬಿದ್ದಿತ್ತು.

ಹೆಡ್ ಕಾನ್‌ಸ್ಟೆಬಲ್ ರಂಗನಾಯಕನಿಗೆ ಫೋನ್ ಮಾಡಿದೆ. ಅವನು ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಬಂದನೆಂಬುದನ್ನು ಮುಖದಲ್ಲೇ ಬರೆದುಕೊಂಡು ಬಂದ. ಮೇಜಿನ ಮೇಲೆ ಚೀಲವಿಟ್ಟು ಸೀಲು ಒಡೆದ.

ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು.

“ನುಸಿಗುಳಿಗೆ!” ಎಂದೆ ನಾನು. ಬಟ್ಟೆಗೆ ಹುಳು ಬೀಳದಿರಲೆಂದು ಬೀರುವಿನಲ್ಲಿ ಇಡುತ್ತಾರಲ್ಲ, ಅದೇ ಬಿಳಿ ಗುಳಿಗೆ.

“ನ್ಯಾಫ್ತಲೀನ್!” ದೀಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. “ಇದೇ ಮೇಡಂ! ಅಂಥ ರಕ್ತದ ಕೂಸನ್ನ ಈ ವಾಸನೆಯ ಬಟ್ಟೆಯಲ್ಲಿ ಹಗಲೂ ರಾತ್ರಿ ಮಲಗಿಸಿದರೆ ಇನ್ನೇನಾಗುತ್ತೆ? ಈ ಹಾಸಿನಿಂದ ಕೂಸು ದೂರವಾದ ಮೇಲೆ ತಾನೇ ನನ್ನ ಔಷಧಿ ಹಿಡಿದದ್ದು!”

ರಂಗನಾಯಕ ಎದೆ ಸೆಟೆಸಿದ. “ಅಂಗಾರೆ ನಾನ್ ಸೀಜ್ ಮಾಡಿದ್ಕೇ ಕೂಸು ಉಳೀತು ಅನ್ನಿ ಮೇಡಂ.”

“ಅನ್ನೋಣ. ಬೇಕಾದರೆ ನಿನ್ನ ಹೆಸರನ್ನೇ ಇಡಿಸೋಣ. ಮೊದಲು ಇದನ್ನ ಬಿಚ್ಚು.”

ಬಿಚ್ಚಿದ. ಅದು ಹಾಸಿಗೆಂದು ಮಡಿಚಿ ಹೊಲಿದ ಹಳೆಯ ರೇಷ್ಮೆ ಸೀರೆ. ಕೆಂಪು ಒಡಲು, ಅಗಲವಾದ ಜರಿ ಅಂಚು. ಕಿಟಕಿಯ ಬಿಸಿಲು ಬಿದ್ದು ಜರಿ ಫಳಫಳ ಹೊಳೆಯಿತು. ನಾನು ಅದನ್ನು ನೋಡುತ್ತಾ ನಿಂತುಬಿಟ್ಟೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ. ಚಿಕ್ಕವಳಿದ್ದಾಗ ಸಂತೆಯಿಂದ ನುಸಿಗುಳಿಗೆ ತಂದು ಅವ್ವನ ಸೀರೆಯ ಪೆಟ್ಟಿಗೆಗೆ ಹಾಕಹೋಗಿ ಬೆನ್ನಿಗೆ ಗುದ್ದು ತಿಂದಿದ್ದೆ. ನೇಯುವವರ ಮನೆಯಲ್ಲಿ ರೇಷ್ಮೆಯ ಹತ್ತಿರ ಆ ಗುಳಿಗೆ ಸುಳಿಯಬಾರದು. ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ಒಣ ಬೇವಿನೆಲೆ ಇಟ್ಟು, ಆಗಾಗ ನೆರಳಲ್ಲಿ ಹರವಿ ಮಡಿಕೆ ಬದಲಿಸುತ್ತಾರೆ. ಗುಳಿಗೆಯ ಜೊತೆ ವರ್ಷಗಟ್ಟಲೆ ಇದ್ದರೆ ಜರಿ ಕಪ್ಪಾಗಿ ಹೋಗುತ್ತದೆ.

ಈ ಜರಿ ಕಪ್ಪಾಗಿರಲಿಲ್ಲ.

“ಡಾಕ್ಟ್ರೇ, ವಾಸನೆ ನೋಡಿದರೆ ಗುಳಿಗೆಯ ರಾಶಿಯಲ್ಲೇ ಅದ್ದಿ ತೆಗೆದ ಹಾಗಿದೆ. ಜರಿ ನೋಡಿದರೆ ಇಷ್ಟು ವರ್ಷ ಗುಳಿಗೆಯ ಮುಖ ಕಂಡಿಲ್ಲ. ಈ ಸೀರೆಗೆ ಗುಳಿಗೆ ಬಿದ್ದದ್ದು ತೀರಾ ಈಚೆಗೆ. ತೊಟ್ಟಿಲಿಗೆ ಬರುವ ಮುಂಚೆಯಷ್ಟೇ.”

ದೀಪಳ ನಗು ಮಾಯವಾಯಿತು. “ಬೇಕಂತಲೇ ಹಾಕಿದ್ದು ಅಂತೀರಾ?”

ನಾನು ದೊಡ್ಡಬಸಮ್ಮನನ್ನು ಒಳಗೆ ಕರೆದೆ. ಆಕೆಯ ಮನೆಯಲ್ಲಿ ಇವತ್ತಿಗೂ ಮಗ್ಗ ಓಡುತ್ತದೆ. ನನ್ನ ಮಾತು ಪೂರ್ತಿ ಕೇಳುವ ಮುಂಚೆಯೇ ಆಕೆಗೆ ರೇಗಿತು.

“ಜರಿ ಸೀರ್ಗೆ ಗುಳ್ಗೆನಾ? ನಮ್ಮನೇಲಾ? ನಾವೇನ್ ನೆಯ್ಯೋರೋ ಇಲ್ಲಾ ಮಣ್ ಉಳೋರೋ? ಇದು ನಮ್ಮನೆ ಸೀರೆನೇ ಅಲ್ಲ ಮೇಡಂ. ಪವಿತ್ರನ ತವರಿಂದ ಬಂದುದ್ದು. ಅವ್ರವ್ವನ ದಾರೆ ಸೀರೆ.”

ಪವಿತ್ರ ಯಳಂದೂರಿನ ಬೇಸಾಯದ ಮನೆಯವಳು. ತಾನೇ ಮೆಚ್ಚಿ, ಬೇರೆ ಜಾತಿಯ ಶಾಂತರಾಜುವನ್ನು ಮದುವೆಯಾಗಿದ್ದಳು. ತವರಿನ ಬಾಗಿಲು ಅವತ್ತೇ ಮುಚ್ಚಿತ್ತು. ಅದಕ್ಕೇ ಬಾಣಂತನ ಗಂಡನ ಮನೆಯಲ್ಲಿ, ಶಿವಮ್ಮನ ಕೈಯಲ್ಲಿ ನಡೆದದ್ದು. ಕೂಸು ಹುಟ್ಟಿದ ಸುದ್ದಿ ತಿಳಿದು ಅಣ್ಣ ಮಹದೇವಪ್ರಸಾದ್ ಒಂದು ದಿನ ಈ ಸೀರೆ ಹಿಡಿದು ಬಂದನಂತೆ. ಅವ್ವನ ಸಿಟ್ಟು ಇಳಿಯಿತು ಎಂದು ಪವಿತ್ರ ಸೀರೆಯನ್ನು ಕಣ್ಣಿಗೊತ್ತಿಕೊಂಡು ತೊಟ್ಟಿಲಿಗೆ ಹಾಸಿದಳಂತೆ.

“ನಿಮಗೆ ವಾಸನೆ ಬರಲಿಲ್ವಾ ದೊಡ್ಡಬಸಮ್ಮ?”

“ಬಂತು.” ಆಕೆ ತಲೆ ತಗ್ಗಿಸಿದಳು. “ಮೂಗ್ ಬುಡಾಂಗಿರ್ನಿಲ್ಲ. ಒಗ್ದು ಒಣಗ್ಸುವಾ ಅನ್ಕಂಡೆ. ತವರಿಂದ ಬಂದ ಆಸ್ನ ಒಗೀಬಾರ್ದು, ತವರಿನ ಆಸೆನೇ ಒಗ್ದಂಗೆ ಅಂತ ನಮ್ಮತ್ತೆ ಏಳೋರು. ಅದೂ ಅಲ್ದೆ ಬೀಗ್ರು ಮೊದಲ್ನೇ ಸಲ ಕಳ್ಸವ್ರೆ. ನಿಮ್ ಸೀರೆ ನಾರ್ತದೆ ಅನ್ನಾಕಾಯ್ತದಾ ಮೇಡಂ?”

ಬೀಗರ ಮರ್ಯಾದೆ ಉಳಿಸಲು ಮೂಗು ಮುಚ್ಚಿಕೊಂಡ ಮನೆ ಅದು.

ದೊಡ್ಡಬಸಮ್ಮ ಹೊರಗೆ ಹೋದ ಮೇಲೆ ದೀಪ ಮೆಲ್ಲಗೆ ಹೇಳಿದಳು. “ಮೇಡಂ, ಈ ತೊಂದರೆ ತಾಯಿಯ ಕಡೆಯಿಂದ ಬರುತ್ತೆ. ಹೆಂಗಸರಿಗೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ. ಅವರ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತೆ. ಕೂಸಿಗೆ ಈಗಲೇ ಆ ಟೆಸ್ಟ್ ಮಾಡಿಸಿದರೆ ಸರಿ ಇದೆ ಅಂತ ಸುಳ್ಳೂ ಬರಬಹುದು, ಬಲ ಇಲ್ಲದ ಕಣಗಳೆಲ್ಲ ಆಗಲೇ ಒಡೆದುಹೋಗಿವೆ. ಆದರೆ ಪವಿತ್ರನ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಇದ್ದರೆ…”

“ಅಣ್ಣ ಒಬ್ಬನೇ,” ಎಂದೆ. “ಸೀರೆ ತಂದವನು. ದೂರು ಕೊಟ್ಟವನು. ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ.”

ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೆಲ್ಲುವ ಕೇಸಿಗೊಂದು ರುಚಿಯಿರುತ್ತದೆ, ಬಾಯಿಗೆ ಬಿದ್ದ ಕೂಡಲೇ ತಿಳಿಯುತ್ತದೆ. ಎಲ್ಲರೆದುರಿಗೇ ಶಿವಮ್ಮನ ಮೇಲಿನ ಕಳಂಕ ತೊಳೆಯಬೇಕೆಂದು ನಿರ್ಧರಿಸಿ ಪವಿತ್ರಳನ್ನು ಕರೆಯಲು ಮಹಡಿಗೆ ಹೋದೆ.

ಕೂಸು ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು. ಕಾಲು ಒದೆಯುತ್ತಿತ್ತು. ಕಾಲು ಒದೆಯುವ ಕೂಸನ್ನು ನೋಡುವುದಕ್ಕಿಂತ ದೊಡ್ಡ ಸುಖ ಪೊಲೀಸ್ ಕೆಲಸದಲ್ಲಿ ನನಗೆ ಸಿಕ್ಕಿಲ್ಲ. ಪಕ್ಕದಲ್ಲಿ ಪವಿತ್ರ. ಅವಳ ಹಿಂದೆ ಗೋಡೆಗೆ ಒರಗಿ ಅವಳ ತಾಯಿ ಚಿಕ್ಕಬಸಮ್ಮ. ಮಗಳ ಮದುವೆಗೂ ಬಾರದ ಹೆಂಗಸು ಮೊಮ್ಮಗನ ಮುಖ ನೋಡಲು ಅವತ್ತೇ ಯಳಂದೂರಿನಿಂದ ಬಂದಿದ್ದಳು.

“ಪವಿತ್ರ, ಕೆಳಗೆ ಬಾಮ್ಮ. ನೀನು ಕೇಳಲೇಬೇಕಾದ ಸುದ್ದಿ ಇದೆ.”

“ಕೂಸು ಮೇಡಂ? ನರ್ಸಮ್ಮ ಎರಿಗೆ ಕೋಣೆಗೆ ಓದ್ರು.”

“ಓಗ್ಬಾ ಮಗ, ನಾ ಕೂತ್ಕತೀನಿ,” ಎಂದಳು ಚಿಕ್ಕಬಸಮ್ಮ. ತೀರಾ ಮೆತ್ತಗಿನ ದನಿ.

ನಾನೇ ಕುರ್ಚಿ ಎಳೆದುಕೊಟ್ಟೆ. “ಕೂತ್ಕೊಳ್ಳಿ ಅಮ್ಮ. ನಿಮ್ಮದೇ ಮೊಮ್ಮಗ.”

ಕೆಳಗೆ ಡಾಕ್ಟರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ದೀಪ ಹೇಳಿದ್ದನ್ನು ಚಿಕ್ಕದಾಗಿ ಹೇಳಿದೆ. ಲಿವರ್‌ಗೆ ಏನೂ ಆಗಿಲ್ಲ, ರಸ ಕಾಮಾಲೆ ತಂದಿಲ್ಲ, ಕೂಸಿನ ರಕ್ತ ಒಡೆದದ್ದು ಬೇರೆ ಕಾರಣಕ್ಕೆ. ಪವಿತ್ರ ಎದ್ದು ಶಿವಮ್ಮನ ಕಾಲಿಗೆ ಬೀಳಹೋದಳು. ಶಿವಮ್ಮ ಅವಳನ್ನು ಅರ್ಧದಲ್ಲೇ ಹಿಡಿದು ಅಪ್ಪಿಕೊಂಡಳು.

“ಬಾಣಂತಿ ಬಗ್ಬಾರ್ದು ಕನವ್ವ. ಸೊಂಟ ಇಡ್ಕತದೆ.”

ದೊಡ್ಡಬಸಮ್ಮ ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿದಳು. ಆಮೇಲೆ ತನ್ನ ಬ್ಯಾಗಿನಿಂದ ಹೊಸ ಸೀರೆಯೊಂದನ್ನು ತೆಗೆದು, ತಾನು ಹರಿದ ಸೆರಗಿನ ಮೇಲೆ ಹೊದಿಸಿದಳು. “ನನ್ ಕೈ ಸೇದೋಗ್ಲಿ. ತಪ್ಪಾಯ್ತು ಕನ ಅಕ್ಕ,” ಎಂದಳು. ರಂಗನಾಯಕ ಮೂಗು ಒರೆಸಿಕೊಂಡ. ನಾನು ಫೋನ್ ತೆಗೆದು ಸಾಹೇಬರಿಗೆ, ಸಂಜೆಯ ಬಂಧನ ಇಲ್ಲ ಸಾರ್, ಆರೋಪಿ ನಿರಪರಾಧಿ, ಎಂದೆ. ಆ ವಾಕ್ಯ ಹೇಳುವಾಗ ಸಿಕ್ಕ ಸಂತೋಷಕ್ಕೆ ಒಂದು ತಿಂಗಳ ರಜೆ ಬಿಟ್ಟುಕೊಡಬಹುದಿತ್ತು.

ಮೂಲೆಯ ಕುರ್ಚಿಯಲ್ಲಿ ಮಹದೇವಪ್ರಸಾದ್ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಳಂದೂರಿನಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ. ಎಲ್ಲರೂ ಅಳುತ್ತಿದ್ದಾಗ ಅವನೊಬ್ಬ ಬೆವರುತ್ತಿದ್ದ.

ನಾನು ಚೀಲದಿಂದ ಸೀರೆ ತೆಗೆದು ಮೊದಲು ದೊಡ್ಡಬಸಮ್ಮನ ಕೈಗೆ ಕೊಟ್ಟೆ. ಆಕೆ ಮೂಸಿ ಮುಖ ಕಿವುಚಿದಳು. ಶಿವಮ್ಮ ಮೂಸಿದಳು. ರಂಗನಾಯಕನೂ ಮೂಸಿದ, ಕೇಳದಿದ್ದರೂ.

“ಮಹದೇವಪ್ರಸಾದ್, ನೀವು ತಂದ ಸೀರೆ ಇದೇ ತಾನೇ? ಸರಿಯಾಗಿ ನೋಡಿ ಹೇಳಿ,” ಎನ್ನುತ್ತಾ ಅದನ್ನು ಅವನ ತೊಡೆಯ ಮೇಲೆ ಹಾಕಿದೆ.

ಹಾವು ಬಿದ್ದವನಂತೆ ಅವನು ಎಗರಿದ. ಕುರ್ಚಿ ಮಗುಚಿಬಿತ್ತು. ಸೀರೆಯನ್ನು ಕಾಲಿನಿಂದ ದೂರ ತಳ್ಳಿ, ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ.

“ಯಾಕ್ರೀ?”

“ನಂಗೆ… ನಂಗೆ ವಾಸ್ನೆ ಆಗಲ್ಲ ಮೇಡಂ.”

“ಬೆಳಗಿಂದ ಸಂಜೆವರೆಗೆ ಕೀಟನಾಶಕದ ಡಬ್ಬಗಳ ನಡುವೆ ಕೂರೋರು ನೀವು. ಆ ವಾಸನೆ ಆಗುತ್ತೆ. ಹೆಂಗಸರೆಲ್ಲ ಕೈಯಲ್ಲಿ ಹಿಡಿದು ನೋಡಿದ ಸೀರೆಯ ವಾಸನೆ ಆಗಲ್ವಾ?”

“ಅಲರ್ಜಿ…”

“ಅಲರ್ಜಿ ಅಲ್ಲ. ರಕ್ತ.” ನಾನು ಅವನ ಎದುರಿಗೇ ಹೋಗಿ ನಿಂತೆ. “ಚಿಕ್ಕಂದಿನಲ್ಲಿ ನಿಮಗೂ ಹೀಗೇ ಆಗಿತ್ತು. ಈ ಗುಳಿಗೆ ನಿಮ್ಮ ಮೈಗೆ ಆಗದು ಅಂತ ಡಾಕ್ಟರು ಹೇಳಿದ್ದರು. ಹೌದೋ ಅಲ್ವೋ? ಸುಳ್ಳು ಹೇಳಿದರೂ ನಷ್ಟ ಇಲ್ಲ. ದೀಪ ಡಾಕ್ಟರು ಈಗಲೇ ನಿಮ್ಮ ರಕ್ತ ತೆಗೀತಾರೆ.”

ದೀಪ ಡ್ರಾಯರಿನಿಂದ ಸಿರಿಂಜ್ ತೆಗೆದೇಬಿಟ್ಟಳು. ಈ ಹುಡುಗಿ ಪೊಲೀಸ್ ಇಲಾಖೆಗೆ ಬರಬೇಕಿತ್ತು.

ಅವನ ಭುಜ ಇಳಿಯಿತು. “ಔದು. ಐದನೇ ಕ್ಲಾಸಲ್ಲಿದ್ದೆ. ಸತ್ತೇ ಓಗಿದ್ದೆ ಅಂತಾರೆ. ಮುಂದೆ ತಂಗಿ ಗಂಡುಮಕ್ಕಳ್ಗೂ ಬರ್ಬೋದು ಅಂತ ಡಾಕ್ಟ್ರು ಅಂದಿದ್ರಂತೆ.”

“ಅಣ್ಣಾ?” ಪವಿತ್ರಳ ದನಿ ಒಡೆಯಿತು. “ನಂಗ್ಯಾಕೆ ಏಳ್ನಿಲ್ಲ?”

“ನೀನಿನ್ನೂ ಅಂಬೆಗಾಲಿಡ್ತಿದ್ದೆ. ಆಮೇಲ್ಯಾರೂ ಆ ಮಾತೇ ಎತ್ನಿಲ್ಲ.”

“ಸೀರೆ ತರುವಾಗ ವಾಸನೆ ಗೊತ್ತಾಗಲಿಲ್ವಾ?” ಎಂದೆ.

“ಆಯ್ತು.”

“ಕೂಸು ಹಳದಿ ಆದಾಗ ಯಾಕೆ ಅಂತ ಗೊತ್ತಾಗಲಿಲ್ವಾ?”

“ಆಯ್ತು.”

“ಗೊತ್ತಿದ್ದೂ ಈ ಮುದುಕಿಯನ್ನ ಜೈಲಿಗೆ ಕಳಿಸೋಕೆ ದೂರು ಬರೆದೆ! ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಕೂಸು ಅವತ್ತೇ ಚೇತರಿಸಿಕೊಳ್ತಿತ್ತಲ್ಲೋ!” ನನ್ನ ಬಾಯಲ್ಲಿ ಬಹುವಚನ ಉಳಿಯಲಿಲ್ಲ. ಉಳಿಯಬೇಕಾಗಿಯೂ ಇರಲಿಲ್ಲ. “ರಂಗನಾಯಕ, ಇವನನ್ನ ಜೀಪಿಗೆ ಹತ್ತಿಸು.”

ರಂಗನಾಯಕ ಅವನ ರಟ್ಟೆ ಹಿಡಿದ. ನಾನು ಟೋಪಿ ಸರಿಮಾಡಿಕೊಂಡೆ. ಕೇಸು ಮುಗಿಯಿತು ಎಂದು ಸಾಹೇಬರಿಗೆ ಇನ್ನೊಂದು ಫೋನ್ ಮಾಡಲು ಬೆರಳು ತುರಿಸುತ್ತಿತ್ತು.

“ಗುಳ್ಗೆ ಆಕಿದ್ದು ನಾನಲ್ಲ ಮೇಡಂ,” ಎಂದ ಮಹದೇವಪ್ರಸಾದ್. “ನಾನು ತಗ್ದು ಬಿಸಾಕ್ದೋನು.”

“ಏನು?”

“ಬೈಕಲ್ಲಿ ಬರ್ತಾ ಚೀಲದಿಂದ ವಾಸ್ನೆ ಬಂತು. ಮುಖಕ್ಕೆ ಟವಲ್ ಸುತ್ಕಂಡು ಬಿಚ್ಚಿ ನೋಡುದ್ರೆ ಒಂದೊಂದ್ ಮಡಿಕೇಲೂ ಇತ್ತು. ಒಂದೂ ಬುಡ್ದಂಗೆ ಸುವರ್ಣಾವತಿ ಒಳೆಗೆ ಎಸ್ದೆ. ಗುಳ್ಗೆ ಓದ್ರೆ ಸಾಕು ಅನ್ಕಂಡೆ. ಸೀರೆನೇ ಎಸೀಬೇಕಾಗಿತ್ತು. ತವರಿನ ಸೀರೆ ಅಂತ ನನ್ ತಂಗಿ ಕಾಯ್ಕಂಡಿದ್ಳಲ್ಲ, ಅದ್ಕೇ ಎಸೆಯಾಕೆ ಮನ್ಸು ಬರ್ನಿಲ್ಲ.”

ನಾನು ರಂಗನಾಯಕನಿಗೆ ಕೈ ಬಿಡಲು ಸನ್ನೆ ಮಾಡಿದೆ.

“ನಿಮ್ಮನೇಲಿ ಆ ಗುಳಿಗೆ ಎಲ್ಲಿಂದ ಬಂತು?”

“ನಮ್ಮನೇಲಿ ಇರ್ನೇ ಇಲ್ಲ ಮೇಡಂ. ನಂಗಂಗಾದ ದಿನ್ದಿಂದ ಒಂದೇ ಒಂದ್ ಗುಳ್ಗೆನ ಒಸ್ಲು ದಾಟಾಕೆ ಬುಟ್ಟಿಲ್ಲ. ನೆಂಟ್ರು ಬಂದ್ರೆ ಯಾರ್ಗೂ ಗೊತ್ತಾಗ್ದಂಗೆ ಅವ್ರ ಬಟ್ಟೆನೂ ಮೂಸೇ ಒಳೀಕೆ ಬುಡೋದು. ಅಂಗೆ ಕಾದು ನನ್ನ ಉಳ್ಸಿದ್ದು.”

“ಯಾರು ಕಾದದ್ದು?”

ಅವನು ಕರ್ಚೀಫನ್ನು ಮಡಿಚಿ ಜೇಬಿಗೆ ತುರುಕಿದ.

“ಮಹದೇವಪ್ರಸಾದ್, ಗುಳಿಗೆ ಯಾರು ಹಾಕಿದ್ದು ಅಂತ ನಿನಗೆ ಗೊತ್ತು. ಅವರನ್ನ ಉಳಿಸೋಕೆ ಶಿವಮ್ಮನನ್ನ ಸಿಕ್ಕಿಸಿದೆ. ನಿನ್ನ ಕಾಯಿಲೆ ನಿನ್ನ ಬಿಟ್ಟು ಇನ್ನು ಯಾರಿಗೆ ಗೊತ್ತು?”

ಅವನು ತಲೆಯೆತ್ತಿ ಕೋಣೆಯಲ್ಲಿದ್ದವರನ್ನು ನೋಡಿದ. ತಂಗಿಯನ್ನು ನೋಡಿದ, ದೊಡ್ಡಬಸಮ್ಮನನ್ನು, ಶಿವಮ್ಮನನ್ನು, ಡಾಕ್ಟರನ್ನು, ನನ್ನನ್ನು ನೋಡಿದ. ಮತ್ತೆ ಮೊದಲಿನಿಂದ ಎಲ್ಲರನ್ನೂ ನೋಡಿದ. ಮುಖದ ಬಣ್ಣ ಇಳಿಯಿತು.

“ಮೇಡಂ, ನಮ್ಮವ್ವ ಎಲ್ಲವ್ಳೆ?”

ಪವಿತ್ರ ಕಿರುಚುತ್ತಾ ಮೆಟ್ಟಿಲಿನ ಕಡೆ ಓಡಿದಳು. ನಾನು ಅವಳ ಹಿಂದೆ ಓಡಿದೆ. ಕೂಸಿನ ಪಕ್ಕ ಕುರ್ಚಿ ಎಳೆದುಕೊಟ್ಟು ಬಾಗಿಲು ಮುಚ್ಚಿಕೊಂಡು ಬಂದವಳು ನಾನೇ.